ಶೆಟ್ಟಿಕೆರೆಯ ಫಿಯೆಟ್

ತಲೆಯ ಮೇಲೆ ಅಟ್ಟದಲ್ಲಿ ಒಂದು ಕಾಯಿ ಗಡಗಡ ಉರುಳಿ ನಿಂತಿತು, ಮೇಲೆ ಯಾರೂ ಇಲ್ಲ, ಇಲಿ ಇರಬೇಕು, ಒಣಗುತ್ತಿರುವ ಕೊಬ್ಬರಿಯ ವಾಸನೆ ಮೂಗಿಗೆ ಅಂಟಿದೆ, ಅದರ ಅಡಿಯಲ್ಲಿ ಇನ್ನೊಂದು ವಾಸನೆ, ತುಕ್ಕು, ಹಳೇ ರೆಕ್ಸಿನ್ನು, ಕೆಟ್ಟ ಪೆಟ್ರೋಲು — ರಂಗರಾಜು ಇಷ್ಟು ವರ್ಷ ತಿಪಟೂರು, ತುರುವೇಕೆರೆ ಸುತ್ತಿನ ಕೊಟ್ಟಿಗೆಗಳಲ್ಲಿ ಹುಡುಕಿಕೊಂಡು ಹೋದದ್ದು ಇದನ್ನೇ, ಹೊನ್ನವಳ್ಳಿಯಲ್ಲಿ ಕೋಳಿ ಕಾವಿಗೆ ಕೂತಿದ್ದ ಮಾರಿಸ್ ಮೈನರ್ ಕಾರು, ಅರಳಗುಪ್ಪೆಯ ತೋಟದಲ್ಲಿ ಸೀಬೆಗಿಡ ನೆಲ ತೂತು ಮಾಡಿ ಒಳಗೇ ಬೆಳೆದಿದ್ದ ಹೆರಾಲ್ಡ್ ಕಾರು, ಕಡಿಮೆಗೆ ಸಿಕ್ಕರೆ ಸಾಕು, ಓಡದಿದ್ದರೂ ಚಿಂತೆಯಿಲ್ಲ, ಅಂಥದ್ದನ್ನು ತಗೊಂಡುಹೋಗಿ ವರ್ಷಗಟ್ಟಲೆ ಬಿಚ್ಚಿ ಜೋಡಿಸುವ ಹುಚ್ಚಿನವರು ಮೈಸೂರಲ್ಲೂ ಪುಣೆಯಲ್ಲೂ ಇದ್ದಾರೆ, ಅವನ ಹೆಂಡತಿ ಮಂಗಳಾ ಫೋನಿನಲ್ಲಿ ಫೋಟೋ ಹಾಕಿದ ಅರ್ಧ ಗಂಟೆಗೆ ಕೇಳಿಕೊಂಡು ಬರುತ್ತಾರೆ, ಇವತ್ತೂ ಅವಳೇ ಹೊರಡಿಸಿದ್ದು, ಶೆಟ್ಟಿಕೆರೇಲಿ ಒಂದು ಫಿಯೆಟ್ ಐತಂತೆ ಕಣ್ರೀ, ಬೈಕಿನ ರೇಟಿಗೆ ಕೊಡ್ತಾರಂತೆ, ಬೇಗ ಹೋಗಾನ. ಶೆಟ್ಟಿಕೆರೆ ಎಂದಾಗಲೇ ಹಳೆಯ ಒಂದು ಫಿಯೆಟ್ ನೆನಪಾಗಿತ್ತು, ಆದರೂ ಊರಲ್ಲಿ ಒಂದೇ ಫಿಯೆಟ್ ಇರಬೇಕೆಂದೇನಿದೆ, ಆ ಕಾರು ಯಾವತ್ತೋ ಗುಜರಿಗೆ ಹೋಗಿರುತ್ತದೆ ಎಂದುಕೊಂಡು ಬಂದ, ಬಂದಮೇಲೆ ಮನೆಯಾಕೆ ಪುಟ್ಟಗೌರಮ್ಮ ಟಾರ್ಪಾಲಿನ ತುದಿ ಹಿಡಿದು ಎಳೆದಳು, ಧೂಳು ಎದ್ದಿತು, ಧೂಳು ಇಳಿಯುವ ಹೊತ್ತಿಗೆ ಬೂದಿ ನೀಲಿ ಬಣ್ಣ ಕಂಡಿತು, ಎಡಗಡೆ ಮಡ್‌ಗಾರ್ಡು ಕಂಡಿತು.

ಬೇರೆಯವರಿಗೆ ಅದು ನುಣ್ಣನೆಯ ಮಡ್‌ಗಾರ್ಡು, ಅವನಿಗೆ ತನ್ನದೇ ಅಕ್ಷರ, ದೀಪದ ಹಿಂದೆ ತಗಡು ಒಂದಿಷ್ಟೇ ಅಲೆಯಾಗಿ ಏಳುತ್ತದೆ, ಅದನ್ನು ಬಡಿದಾಗ ಅವನಿಗೆ ಇಪ್ಪತ್ತೆರಡು ವರ್ಷ, ಸುತ್ತಿಗೆಯ ಕೊನೆಯ ಏಟನ್ನು ಯಾವಾಗಲೂ ಜಾಸ್ತಿ ಕೊಡುತ್ತಿದ್ದ, ತಿಪಟೂರಲ್ಲಿ ಶ್ರೀರಂಗಯ್ಯನ ಶೆಡ್ಡಿನಲ್ಲಿ ಟಿಂಕರಿಂಗ್ ಕೆಲಸ, ಒಂದು ಮಂಗಳವಾರ ಬಾಗಿಲು ತೆಗೆಯುವ ಹೊತ್ತಿಗೆ ಈ ಕಾರು ಬಂದು ನಿಂತಿತ್ತು, ಪುಟ್ಟಗೌರಮ್ಮನ ಗಂಡ ಕೆಂಚಪ್ಪ ಪಕ್ಕದಲ್ಲಿ ಟವೆಲಿನಿಂದ ಕತ್ತು ಒರೆಸಿಕೊಳ್ಳುತ್ತಲೇ ಇದ್ದ, ಬೆಳಗಿನ ಚಳಿಯಲ್ಲಿ ಅಷ್ಟೊಂದು ಬೆವರು, ಶ್ರೀರಂಗಯ್ಯ ಇವನ ಹತ್ತಿರ ಬಂದು ದನಿ ತಗ್ಗಿಸಿ ಹೇಳಿದ್ದ, ಎಮ್ಮೆ ಅಡ್ಡ ಬಂತಂತೆ ಕಣ್ಲಾ ರಂಗ, ನೆಗ್ಗು ಎತ್ತಿ ಕೊಟ್ಬುಡು, ಜಾಸ್ತಿ ಕೇಳಕ್ಕೋಗ್ಬ್ಯಾಡ. ಎಮ್ಮೆ ಎಂದೇ ನಂಬಿ ದೀಪದ ರಿಂಗು ಬಿಚ್ಚಿದ, ಗಾಜು ಒಡೆದಿತ್ತು, ಹೆಡ್‌ಲೈಟಿನ ಬಿಳಿ ಗಾಜಿನ ಚೂರುಗಳ ನಡುವೆ ಹಸಿರು ಬಳೆಯ ಒಂದು ಚೂರು, ಅದರ ಮೇಲೆ ಚಿನ್ನದ ಬಣ್ಣದ ಚುಕ್ಕೆ, ಎಮ್ಮೆ ಬಳೆ ತೊಡುವುದಿಲ್ಲ, ಅಷ್ಟರಲ್ಲಿ ಕೆಂಚಪ್ಪ ಇತ್ತ ತಿರುಗಿದ, ಏನಪ್ಪಾ ಸಿಕ್ತು ಎಂದ, ಏನಿಲ್ಲ ಬುಡಿ ಯಜಮಾನ್ರೇ ಎಂದು ಇವನ ಬಾಯೇ ಹೇಳಿತು, ಇವನ ಕೈಯೇ ಆ ಚೂರನ್ನು ದೀಪದ ಬಟ್ಟಲಿನ ಹಿಂದಕ್ಕೆ ತಳ್ಳಿತು, ಹೊಸ ಗಾಜು ಕೂರಿಸಿ ಸ್ಕ್ರೂ ಬಿಗಿದ. ಮೂರು ದಿನದ ಮೇಲೆ ಸುದ್ದಿ ಗೊತ್ತಾಯಿತು, ಸೋಮವಾರ ಸಂಜೆ ಹೊನ್ನವಳ್ಳಿ ರಸ್ತೆಯ ಅಂಚಿನಲ್ಲಿ ಮಜ್ಜಿಗೆ ಮಾರುವ ಹುಚ್ಚಕ್ಕ ಸತ್ತು ಬಿದ್ದಿದ್ದಳು, ಯಾವುದೋ ಲಾರಿ ಎಂದರು, ಲಾರಿ ಎಂದೇ ಬರೆದುಕೊಂಡರು. ಹೇಳಿಬಿಡೋಣ ಎಂದೇ ಅವಳ ಮನೆಗೆ ಹೋದ, ಹುಚ್ಚಕ್ಕನ ಗಂಡ ಕಾಫಿ ಕೊಡಿಸಿದ, ಹೇಳಲಾಗಲಿಲ್ಲ, ಎರಡನೆಯ ಸಲ ಹೋದಾಗ ಮಗಳು ಎದುರಿಗೆ ಬಂದು ಕೂತಳು, ಅವ್ವಂಗೆ ಹಿಂದಿನ ದಿನಾನೇ ತುರುವೇಕೆರೆಯಿಂದ ಚಿನ್ನದ ಚುಕ್ಕೆ ಇರೋ ಹಸಿರು ಬಳೆ ತಂದಿದ್ದೆ, ಒಂದು ಕೈಲಿ ಒಂದೂ ಉಳಿದಿರ್ನಿಲ್ಲ, ರಸ್ತೇಲೆಲ್ಲ ಹುಡುಕಿದ್ವಿ, ಒಂದು ಚೂರೂ ಸಿಗ್ನಿಲ್ಲ ಎಂದಳು, ಮೂರನೆಯ ಸಲ ಹೋಗುವಾಗ ಹೇಳಬೇಕಾಗಿದ್ದ ಮಾತೇ ಬೇರೆಯಾಗಿತ್ತು. ಆ ಮಗಳು ಮಂಗಳಾ. ಮದುವೆಯಾಗಿ ಇಪ್ಪತ್ತನಾಲ್ಕು ವರ್ಷ, ಕರುಣೆಯಿಂದ ಆದೆನೋ, ಭಯದಿಂದಲೋ, ನಿಜವಾಗಿ ಬೇಕೆಂದೇ ಆದೆನೋ, ಯಾವತ್ತೂ ತನ್ನನ್ನು ತಾನು ಕೊನೆಯವರೆಗೆ ಕೇಳಿಕೊಂಡವನಲ್ಲ.

ಚೆನ್ನಾಗೈತೆ ಅಲ್ವೇನ್ರೀ, ಮಂಗಳಾ ಫೋನು ಹಿಡಿದು ಕಾರಿನ ಸುತ್ತ ಬರುತ್ತಿದ್ದಾಳೆ, ಬಾಗಿಲು, ಡಿಕ್ಕಿ, ಸ್ಟೇರಿಂಗು, ಬಾಗಿಲಲ್ಲಿ ನಿಂತ ಪುಟ್ಟಗೌರಮ್ಮ ತನ್ನಷ್ಟಕ್ಕೆ ಹೇಳುತ್ತಿದ್ದಾಳೆ, ನಮ್ಮನೆಯೋರು ತಿಪಟೂರಲ್ಲಿ ರಿಪೇರಿ ಮಾಡಿಸ್ಕಂಡು ಬಂದೋರು ಒಂದಿನಾನೂ ಈಚೆಗೆ ತೆಗೀನಿಲ್ಲ ಕಣಮ್ಮ, ಟಾರ್ಪಾಲು ಹೊದಿಸ್ಬುಟ್ರು, ಸಾಯೋ ತಂಕ ಇತ್ಲಾಗೆ ಬಂದು ಸುಮ್ಕೆ ನಿಂತ್ಕಳೋರು, ಏನು ಅಂತ ಕೇಳುದ್ರೆ ರೇಗೋರು, ಒಟ್ನಲ್ಲಿ ಇವತ್ತೇ ತಗಂಡೋಗ್ಬುಡಿ. ಈ ಮುದುಕಿಗೆ ಗೊತ್ತಿದೆಯೇ, ಗೊತ್ತಿದ್ದೇ ಕರೆಸಿದಳೇ, ಇಲ್ಲ, ಅವಳ ಕಣ್ಣು ಇವನ ಮುಖದ ಮೇಲೆ ನಿಲ್ಲುವುದೇ ಇಲ್ಲ, ನಿಂತರೆ ಏನಾಗುತ್ತದೆ, ಈ ಕಾರು ಬೇಡ ಮಂಗಳಾ, ತಳ ಪೂರ್ತಿ ತುಕ್ಕು ತಿಂದುಹೋಗಿದೆ ಎಂದ, ನೋಡದೇನೇ ಹೇಳ್ತೀರಲ್ಲ ಎಂದು ಅವಳು ನಕ್ಕಳು, ಬಗ್ಗಿ ನೋಡಿದಳು, ತಳ ಗಟ್ಟಿಯಾಗೇ ಇದೆ, ಮೇಲೆ ಇನ್ನೊಂದು ಕಾಯಿ ಉರುಳುತ್ತದೆ, ಬೆವರು ಕತ್ತಿನ ಹಿಂದೆ ಇಳಿಯುತ್ತಿದೆ, ಕೆಂಚಪ್ಪ ಒರೆಸಿಕೊಳ್ಳುತ್ತಿದ್ದುದೂ ಅಲ್ಲೇ. ಪುಣೆಯೋರು ದೀಪದ ಒಳಗಡೆ ತುಕ್ಕು ತೋರ್ಸಿ ಅಂತಾರೆ ಕಣ್ರೀ, ರಿಂಗ್ ಒಂದು ಬಿಚ್ಚಿ. ಬಲಗಡೆಯದನ್ನು ಬಿಚ್ಚಿ ತೋರಿಸಿದ, ಸಾಕಲ್ಲ ಎಂದ, ಎಡಗಡೇದೂ, ಎರಡೂ ಕೇಳ್ತಾರೆ ಎಂದಳು, ಸ್ಕ್ರೂ ಜಾಮ್ ಆಗಿದೆ ಎನ್ನಬಹುದು, ತಲೆ ಸವೆದಿದೆ ಎನ್ನಬಹುದು, ಅವಳು ನಂಬುತ್ತಾಳೆ, ಇಷ್ಟು ವರ್ಷ ನಂಬಿದವಳು, ಬೇಡವೆಂದು ಬಿಟ್ಟುಹೋದರೆ ಇನ್ಯಾವನೋ ಬಿಚ್ಚಿ ಚೂರನ್ನು ಗುಡಿಸಿ ಹಾಕುತ್ತಾನೆ, ಆಮೇಲೆ ಹೇಳಿದರೂ ತೋರಿಸಲು ಏನೂ ಇರುವುದಿಲ್ಲ, ಸ್ಕ್ರೂಡ್ರೈವರು ಸ್ಕ್ರೂವಿನ ಸೀಳಿನಲ್ಲಿ ಕೂತಿತು, ತಿರುಗುವುದಿಲ್ಲ ತಿರುಗುವುದಿಲ್ಲ ಎಂದುಕೊಳ್ಳುತ್ತಿದ್ದಂತೆ ಕಿರ್ರೆಂದು ತಿರುಗಿತು, ರಿಂಗು ಕಳಚಿತು, ಗಾಜು ಈಚೆ ಬಂತು, ಮಂಗಳಾ ಫೋನಿನ ಬೆಳಕು ಹಿಡಿದು ಬಗ್ಗಿದಳು, ಬಟ್ಟಲನ್ನು ಅಲ್ಲಾಡಿಸಿದ, ತಾನೇ ಅಲ್ಲಾಡಿಸಿದ, ತುಕ್ಕಿನ ಪುಡಿಯ ಜೊತೆ ಅದು ಜಾರಿ ಬಿದ್ದಿತು.

ಅವಳು ಅದನ್ನು ಎತ್ತಿಕೊಂಡಳು, ಸೆರಗಿನಲ್ಲಿ ಒರೆಸಿದಳು, ಬೆಳಕಿಗೆ ಹಿಡಿದಳು, ಚುಕ್ಕೆ ಇನ್ನೂ ಮಾಸಿಲ್ಲ, ರೀ, ಇದು ಅವ್ವನ ಬಳೆ, ಇಲ್ಲಿಗೆ ಹೆಂಗೆ ಬಂತು — ಗೊತ್ತಿಲ್ಲ ಎನ್ನುವ ಮಾತು ನಾಲಿಗೆಯ ತುದಿಗೇ ಬಂದಿದೆ, ಅಂದರೆ ಮುಗಿಯಿತು, ಸತ್ತ ಕೆಂಚಪ್ಪನ ಮೇಲೆ ಎಲ್ಲ ಹೋಗುತ್ತದೆ, ಅವಳು ಇವನದೇ ಭುಜಕ್ಕೆ ಒರಗಿ ಅಳುತ್ತಾಳೆ, ರಾತ್ರಿ ಇಬ್ಬರೂ ಒಂದೇ ಮನೆಗೆ ಹೋಗುತ್ತಾರೆ, ಗೊತ್ತಿಲ್ಲ ಅನ್ನು, ಅನ್ನು — ನಾನೇ ಒಳಗಿಟ್ಟಿದ್ದು ಮಂಗಳಾ, ಎಂದಿತು ಬಾಯಿ, ಆಗ ಈ ಕಾರು ರಿಪೇರಿ ಮಾಡಿದ್ದು ನಾನು, ಮೂರು ದಿನಕ್ಕೆ ಎಲ್ಲ ಗೊತ್ತಾಯ್ತು. ಅವಳು ಒಂದು ಹೆಜ್ಜೆ ಹಿಂದೆ ಸರಿದಳು, ಬೆರಳುಗಳು ಮೆಲ್ಲಗೆ ಮುಚ್ಚಿಕೊಳ್ಳುತ್ತಿವೆ, ಬಿಗಿಯುತ್ತಿವೆ, ಕೊಯ್ಯುತ್ತದೆ ಬಿಡು ಎನ್ನಬೇಕು, ಮುಷ್ಟಿಯ ಸಂದಿಯಲ್ಲಿ ಹಸಿರು, ಹಸಿರಿನ ಪಕ್ಕದಲ್ಲಿ ಒಂದು ಹನಿ ಕೆಂಪು, ಹಸಿರು, ಮುಷ್ಟಿ ಬಿಡುತ್ತಿಲ್ಲ, ಹಸಿರು