ಮೂವತ್ತೊಂದನೇ ಕಾಗದ

ಎರಡು ದೇಶಗಳ ದಾಖಲೆ ಭಂಡಾರಗಳು ಕೈಕುಲುಕಿದರೆ ಯಾರ ಗಂಟೇನು ಹೋಗುತ್ತದೆ ಎಂದುಕೊಂಡು ಒಪ್ಪಂದದ ಕರಡನ್ನು ನಾನೇ ಹುಮ್ಮಸ್ಸಿನಿಂದ ತಿದ್ದಿದ್ದೆ. ಅವರ ಕಡೆಯ ಒಬ್ಬರು ಎರಡು ತಿಂಗಳು ನಮ್ಮಲ್ಲಿ, ಆಮೇಲೆ ನಾನು ಎರಡು ತಿಂಗಳು ಅವರಲ್ಲಿ. ನನ್ನ ಹಳ್ಳವನ್ನು ನಾನೇ ತೋಡಿಕೊಂಡದ್ದು ಹೀಗೆ.

ಬಂದ ತಜ್ಞೆ ಎತ್ತರದ ಹೆಂಗಸು, ಬಲು ಸಂಭಾವಿತೆ. ಬರುವ ಮೊದಲೇ ನಮ್ಮ ಭಾಷೆ ಕಲಿತಿದ್ದಳು, ಆದರೆ ಕಲಿತದ್ದು ನಾವು ಕಳಿಸಿದ್ದ ಹಳೆಯ ಸರ್ಕಾರಿ ಆದೇಶಗಳಿಂದ. ಮೊದಲ ದಿನ ಕಾಫಿ ಕೊಟ್ಟರೆ, "ಸದರಿ ಕಾಫಿಯಲ್ಲಿ ಸಕ್ಕರೆಯ ಪ್ರಮಾಣ ಅಧಿಕವಾಗಿರುತ್ತದೆ" ಎಂದಳು. ಯಾರೋ ಮೇಲಧಿಕಾರಿ ಬಂದರೆಂದು ನಮ್ಮ ನಿರ್ದೇಶಕರು ಎದ್ದು ನಿಂತುಬಿಟ್ಟರು.

ಆಕೆಗೆ ಒಂದೇ ಹುಚ್ಚು. ಕಾಗದ ಸಿಕ್ಕಿದ ಕ್ರಮದಲ್ಲೇ ಇರಬೇಕು, ಯಾವುದನ್ನೂ ಎಸೆಯಕೂಡದು. ನಾನೋ ಇಪ್ಪತ್ತಾರು ವರ್ಷ ವಿಲೇವಾರಿ ವಿಭಾಗದಲ್ಲಿ ಸವೆದವಳು. ಯಾವುದು ಉಳಿಯಬೇಕು, ಯಾವುದು ರದ್ದಿಗೆ ಹೋಗಬೇಕು ಎಂದು ಕಣ್ಣಳತೆಯಲ್ಲೇ ಹೇಳಿಬಿಡುತ್ತೇನೆ. ಹನ್ನೊಂದು ವರ್ಷದ ಹಿಂದೆ, ಅಮ್ಮ ತೀರಿಕೊಂಡ ಮೇಲೆ ಮನೆ ಖಾಲಿ ಮಾಡುವಾಗಲೂ ಈ ಜಾಣತನ ತೋರಿಸಿದ್ದೆ. ಅಮ್ಮನ ಟ್ರಂಕಿನಲ್ಲಿದ್ದ ಪತ್ರಗಳನ್ನೆಲ್ಲ 'ಖಾಸಗಿ, ಅವಧಿ ಮೀರಿದ್ದು' ಎಂದು ವಿಂಗಡಿಸಿ ರದ್ದಿಯವನ ತಕ್ಕಡಿಗೆ ಹಾಕಿದೆ. ಸಂಜೆ ಬಂದ ಅಕ್ಕ ಖಾಲಿ ಟ್ರಂಕಿನ ಮುಂದೆ ಕುಸಿದು ಕೂತಳು.

"ಊರವರ ಕಾಗದಾನೆಲ್ಲ ಕಾಯ್ತೀಯಲ್ಲೇ, ಅಮ್ಮಂದು ನಿಂಗೆ ಭಾರ ಆಯ್ತಾ?" ಎಂದಳು.

ತಪ್ಪಾಯಿತು ಅನ್ನಬೇಕಿತ್ತು. ನಾನು ನಿಯಮ ಹೇಳಿದೆ. ಅವತ್ತಿಗೆ ನಮ್ಮಿಬ್ಬರ ಮಾತು ಮುಗಿಯಿತು.

ಕ್ಷಮೆ ಕೇಳಿ ಬರೆಯತೊಡಗಿದ್ದ ಒಂದು ಕಾಗದ ಅಂದಿನಿಂದ ಕಚೇರಿಯ ನನ್ನ ಡ್ರಾಯರಿನಲ್ಲಿತ್ತು. ಒಂದೂವರೆ ಸಾಲು. ಉಳಿದದ್ದಕ್ಕೆ ನನ್ನ ಬಿಗುಮಾನ ಅಡ್ಡ ಬಂದಿತ್ತು.

ಕಣ್ಣಿನ ಪೊರೆ ತೆಗೆಸಲು ಒಂದು ವಾರ ರಜೆ ಹಾಕಿದೆ. ಹೊಸ ಕಣ್ಣಿನಲ್ಲಿ ಬಂದು ನೋಡಿದರೆ ನನ್ನ ಮೇಜು ಬಟಾಬಯಲು. ಅತಿಥಿಯನ್ನು ಮೆಚ್ಚಿಸಲು ನಿರ್ದೇಶಕರು ಆಕೆ ಸಿಬ್ಬಂದಿಗೆ ಕೊಡುವ ತರಬೇತಿಗೆ ನನ್ನ ಮೇಜನ್ನೇ ಒಪ್ಪಿಸಿದ್ದರು. ಡ್ರಾಯರಿನ ಸರಕೆಲ್ಲ ನಂಬರು ಹಚ್ಚಿಕೊಂಡು ಬೂದು ಪೆಟ್ಟಿಗೆಗಳಲ್ಲಿ ಮಲಗಿತ್ತು. ಸಂಖ್ಯೆ ಹನ್ನೆರಡು, ಸೇಫ್ಟಿ ಪಿನ್ನುಗಳು, ಆರು. ಸಂಖ್ಯೆ ಹತ್ತೊಂಬತ್ತು, ಅರ್ಧ ತಿಂದ ಬಿಸ್ಕತ್ತು, ಇರುವೆಗಳ ಕಾರಣ ಛಾಯಾಚಿತ್ರ ಮಾತ್ರ. ಸಂಖ್ಯೆ ಮೂವತ್ತೊಂದು, ಅಕ್ಕನಿಗೆ ಬರೆದು ಕಳಿಸದ ಪತ್ರ, ಅಪೂರ್ಣ.

ಆ ಪೆಟ್ಟಿಗೆಗೆ ಕೈ ಹಾಕಿದೆ. "ಅದನ್ನ ವಾಪಸ್ ಕೊಡಿ" ಎಂದೆ.

"ನೋಂದಾಯಿತ ವಸ್ತುವನ್ನು ಜಂಟಿ ಸಮಿತಿಯ ಒಪ್ಪಿಗೆಯಿಲ್ಲದೆ ಹಿಂಪಡೆಯತಕ್ಕದ್ದಲ್ಲ" ಎಂದಳು ತಜ್ಞೆ. ಸಮಿತಿ ವರ್ಷಕ್ಕೊಮ್ಮೆ ಸೇರುತ್ತದೆ. ಆ ಷರತ್ತು ಸೇರಿಸಿದವಳು ನಾನೇ.

"ಓದೋಕಾದ್ರೂ ಕೊಡಿ."

"ಖಾಸಗಿ ಪತ್ರವನ್ನು ವಿಳಾಸದಾರರು ಮಾತ್ರ ಓದತಕ್ಕದ್ದು."

"ಬರೆದವಳು ನಾನು ಕಣಮ್ಮಾ!"

"ಬರೆದವರ ಬಗ್ಗೆ ನಿಯಮ ಮೌನವಾಗಿರುತ್ತದೆ" ಎಂದು ಆಕೆ ನಿಜವಾಗಿಯೂ ನೊಂದುಕೊಂಡಳು.

ಅಷ್ಟಕ್ಕೇ ನಿಂತಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ನಿರ್ದೇಶಕರು 'ಎರಡು ದೇಶ, ಒಂದು ಮೇಜು' ಎಂದು ತಲೆಬರಹ ಕೊಟ್ಟು ಆ ವಸ್ತುಗಳ ಪಟ್ಟಿಯನ್ನು ನನ್ನ ಫೋಟೋ ಸಮೇತ ಪತ್ರಿಕೆಗೆ ಕೊಟ್ಟರು. ನನ್ನ ಅಕ್ಕ ಪತ್ರಿಕೆಯನ್ನು ಜಾಹೀರಾತೂ ಬಿಡದೆ ಓದುವವಳು. ಬಂದರೆ ಮಾನ ಹೋಗುತ್ತದೆಂಬ ಭಯ ಒಂದು ಕಡೆ, ಓದಿಯೂ ಬರದಿದ್ದರೆ ಎಂಬ ಭಯ ಇನ್ನೊಂದು ಕಡೆ. ಎರಡನೆಯದೇ ದೊಡ್ಡದಾಗಿತ್ತು.

ಮೂರನೇ ದಿನ ಅಕ್ಕ ಬಂದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನ ಕಡೆ ನೋಡದೆ ಅರ್ಜಿ ತುಂಬಿದಳು. 'ಸಂಶೋಧನೆಯ ಉದ್ದೇಶ' ಎಂಬಲ್ಲಿ 'ತಂಗಿಗೆ ಏನಾಗಿದೆ ಎಂದು ತಿಳಿಯಲು' ಎಂದು ಬರೆದಳು. ತಜ್ಞೆ ಅದನ್ನು ಗಂಭೀರವಾಗಿ ಮಂಜೂರು ಮಾಡಿ, ಕೈಗವಸು ತೊಡಿಸಿ, ಪತ್ರವನ್ನು ಮುಂದಿಟ್ಟಳು.

'ಅಕ್ಕಾ, ಅಮ್ಮನ ಕಾಗದಗಳ ವಿಷಯದಲ್ಲಿ ನೀನು ಅಂದದ್ದು ಸರಿ. ನಾನು ಅವತ್ತು'

ಅಷ್ಟೇ ಇದ್ದದ್ದು. ಅಕ್ಕ ಹಾಳೆ ಮಗುಚಿ ನೋಡಿದಳು. ಖಾಲಿ.

"ಅವತ್ತು ಏನು? ಮುಂದೆ ಹೇಳು" ಎಂದಳು, ನನ್ನನ್ನೇ ನೋಡಿ.

"ವಾಚನ ಕೊಠಡಿಯಲ್ಲಿ ಮಾತನಾಡತಕ್ಕದ್ದಲ್ಲ" ಎಂದಳು ತಜ್ಞೆ.

"ನೀವು ಸ್ವಲ್ಪ ಸುಮ್ನಿರಿ ತಾಯಿ. ಇವಳು ಬಾಯಿ ಬಿಡೋಕೆ ಹನ್ನೊಂದು ವರ್ಷ ಹಿಡ್ದಿದೆ."

ನಾನು ಅಕ್ಕನ ಎದುರಿನ ಕುರ್ಚಿಗೆ ಬಂದು ಕೂತೆ. "ನಾನು ಅವತ್ತು ಒಂದನ್ನೂ ಓದ್ಲಿಲ್ಲ ಅಕ್ಕಾ. ಓದಿದ್ರೆ ತಡ್ಕೊಳ್ಳೋಕೆ ಆಗ್ತಿರ್ಲಿಲ್ಲ. ಅಮ್ಮನ ಅಕ್ಷರ ನೋಡೋಕೇ ಹೆದರಿಕೆ ಆಯ್ತು. ಅದಕ್ಕೇ ನಿಯಮ ಹಿಡ್ಕೊಂಡೆ. ತಪ್ಪಾಯ್ತು ಕಣೇ."

ಅಕ್ಕ ಕೈಗವಸಿನಲ್ಲೇ ಕಣ್ಣೊರೆಸಿಕೊಂಡಳು. ತಜ್ಞೆಯ ಮನಸ್ಸೂ ಕರಗಿತೆಂದು ಕಾಣುತ್ತದೆ. "ವಿಳಾಸದಾರರು ಇಚ್ಛಿಸಿದಲ್ಲಿ, ಸದರಿ ಪತ್ರವನ್ನು ಅವರಿಗೆ ಒಪ್ಪಿಸಲು ಸಮಿತಿಗೆ ಇಂದೇ ಬರೆಯಲಾಗುವುದು" ಎಂದಳು.

"ಬೇಡಮ್ಮ, ಇಲ್ಲೇ ಇರ್ಲಿ" ಎಂದಳು ಅಕ್ಕ. "ಮನೇಲಿಟ್ರೆ, ಇವಳು ಬಂದಾಗ ಅದನ್ನೂ ರದ್ದಿಗೆ ಹಾಕ್ತಾಳೆ."

ಇವಳು ಬಂದಾಗ ಎಂದಿದ್ದಳು ನನ್ನ ಅಕ್ಕ. ನಾನು ಮೇಜಿನ ಮೇಲೆ ತಲೆಯಿಟ್ಟು ಗಳಗಳನೆ ಅತ್ತುಬಿಟ್ಟೆ. ತಜ್ಞೆ ಓಡಿಬಂದಳು, ಮೊದಲು ಕಾಗದವನ್ನು ಪಕ್ಕಕ್ಕೆ ಸರಿಸಿದಳು.