ನಡುವಿನ ಪೆಟ್ಟಿಗೆ

ಭಾಗಪ್ಪ ಕಾಕಾ ಗಂಟಲಿನ ಆಪರೇಶನ್‌ಗೆಂದು ಸೊಲ್ಲಾಪುರಕ್ಕೆ ಹೋಗುವ ಒಂಬತ್ತು ದಿನ ಮೊದಲು ನಾನು ಅವರ ಹಾಡನ್ನು ರೆಕಾರ್ಡ್ ಮಾಡಿಕೊಂಡೆ. ಎರಡು ತಿಂಗಳ ಮೇಲೆ ಅವರನ್ನು ನಮ್ಮ ಮನೆಯ ಕುರ್ಚಿಯಲ್ಲಿ ಕೂಡಿಸಿ, ನಿಮ್ಮ ದನಿ ಸಿಕ್ಕಿಲ್ಲ ಎಂದು ಹೇಳಿದೆ. ಹೇಳಿದ್ದು ಸುಳ್ಳಾಗಿತ್ತು. ಸುಳ್ಳೆಂದು ಆಗ ನನಗೆ ಗೊತ್ತಿರಲಿಲ್ಲ ಎನ್ನುವುದನ್ನು ನಾನು ಬಹಳ ದಿನ ಸಮಾಧಾನದಂತೆ ಇಟ್ಟುಕೊಂಡಿದ್ದೆ.

ನಮ್ಮ ತಂದೆ ಹನ್ನೊಂದು ವರ್ಷ ಕಮಲಾಪುರದಲ್ಲಿ ಶಾಲಾ ಮಾಸ್ತರರಾಗಿದ್ದರು. ಪಕ್ಕದ ಮನೆ ಭಾಗಪ್ಪ ಕಾಕಾನದು. ಸೋಮವಾರ ಹಣಮಪ್ಪನ ಗುಡಿಯಲ್ಲಿ ಭಜನೆ. ಐದು ಮಂದಿ ದುಂಡಗೆ, ಒಬ್ಬರ ಮುಖ ಒಬ್ಬರು ನೋಡುತ್ತ ಕೂಡುತ್ತಿದ್ದರು. ಕಾಕಾ ಏಕತಾರಿ ಹಿಡಿದು ಒಂದು ನುಡಿ ಎತ್ತುವರು. ಉಳಿದ ನಾಲ್ವರು ಅದನ್ನೇ ತಿರುಗಿ ಹೇಳುವರು. ಅವರ ನುಡಿ ಮುಗಿದು ಇವರದು ಶುರುವಾಗುವುದರ ನಡುವೆ ಅರ್ಧ ಉಸಿರಿನಷ್ಟು ಸುಮ್ಮನಿರುವ ಜಾಗವೊಂದಿತ್ತು. ಹುಡುಗನಾಗಿದ್ದಾಗ ನಾನು ಹಾಡಿಗಿಂತ ಆ ಜಾಗಕ್ಕಾಗಿಯೇ ಕಾಯುತ್ತಿದ್ದೆ.

ನಾವು ಶಹರಕ್ಕೆ ಬಂದ ಮೇಲೆ, ಬಿ.ಎಸ್ಸಿ. ಮುಗಿಸಿ ಜೇವರ್ಗಿ ಕಾಲೋನಿಯ ಮನೆಯಲ್ಲಿ ಟ್ಯೂಷನ್ ಹೇಳಲು ಕೂತಾಗ ಅದೇ ಜಾಗ ಮತ್ತೆ ಬೇಕೆನಿಸಿತು. ಎರಡು ಸಾವಿರದ ಏಳರ ಸುಮಾರಿನಲ್ಲಿ ಕಂಪ್ಯೂಟರಿಗೆ ಒಳ್ಳೆಯ ಸೌಂಡ್ ಕಾರ್ಡ್ ಹಾಕಿಸಿದೆ. ಒಂದು ಆಂಪ್ಲಿಫೈಯರ್, ಐದು ಸ್ಪೀಕರ್ ಪೆಟ್ಟಿಗೆ, ನೆಲದ ಮೇಲೆ ಗುಡುಗುವ ಒಂದು ವೂಫರ್ ಬಂದವು. ಸಿನಿಮಾ ನೋಡುವುದಕ್ಕೆಂದು ನೆರೆಹೊರೆಯವರು ತಿಳಿದರು. ನನ್ನ ಮನಸ್ಸಿನಲ್ಲಿದ್ದುದು ಬೇರೆ. ಐದು ಪೆಟ್ಟಿಗೆಗೆ ಐದು ಮಂದಿ. ಕೇಳುವವನು ನಡುವೆ ಕೂತರೆ ಭಜನೆಯ ದುಂಡಿನ ಒಳಗೇ ಕೂತಂತಾಗಬೇಕು.

ಕಾಕಾಗೆ ಗಂಟಲಲ್ಲಿ ಗಂಟಿದೆ, ತೆಗೆದರೆ ಮಾತು ಹೋಗುತ್ತದೆ ಎಂದು ಗೊತ್ತಾದ ವಾರವೇ, ಹೈದರಾಬಾದಿನ ಗೆಳೆಯನಿಂದ ಎಂಟು ಮೈಕಿನ ರೆಕಾರ್ಡರ್ ತಂದು ಮಧ್ಯಾಹ್ನ ಗುಡಿಯಲ್ಲಿ ಹೂಡಿದೆ.

"ಐದು ಮಂದಿಗಿ ಆರು ಮೈಕ್ ಯಾಕೋ?" ಎಂದರು ಸಾಯಬಣ್ಣ. ಹಿಮ್ಮೇಳದಲ್ಲಿ ಕಾಕಾನ ಬಲಗಡೆ ಕೂಡುವವರು, ಅವರ ಹಳೆಯ ದೋಸ್ತ. "ಆರನೇದು ಹಣಮಪ್ಪಗೇನು?"

"ಡಗ್ಗಾಕ್ಕ ಕಾಕಾ. ಅದರ ಪೆಟ್ಟು ಬ್ಯಾರೇನ ಬೇಕು."

"ಹಂಗಾರ ನಿಂಗಣ್ಣಗ ಎರಡು! ಹಾಡಾವ ಅವ್ನ, ಬಡಿಯಾವನೂ ಅವ್ನ. ಭಾಗಪ್ಪ, ನಿನಗೊಂದೇ ನೋಡು, ಅಳಬ್ಯಾಡ."

ಕಾಕಾ ನಕ್ಕರು. ನಗುವಾಗಲೂ ದನಿ ಸವೆದಂತಿತ್ತು. ಹಾಡು ಶುರುವಾದ ಮೇಲೆ ನಾನು ರೆಕಾರ್ಡರಿನ ದೀಪಗಳನ್ನೇ ನೋಡುತ್ತ ಕೂತೆ. ಉಳಿದವರ ದೀಪ ಐದಾರು ಮನೆ ಏರಿದರೆ ಕಾಕಾನದು ಎರಡೇ ಮನೆ ಏರಿ ಇಳಿಯುತ್ತಿತ್ತು. ಹೆಡ್‌ಫೋನ್ ಚೀಲದಲ್ಲೇ ಇತ್ತು, ಹಾಕಿಕೊಳ್ಳಲಿಲ್ಲ. ಮೊದಲ ಸಲ ಕೇಳುವುದು ಆರೂ ದಿಕ್ಕಿನಿಂದಲೇ ಆಗಲಿ ಎಂಬ ಹುಚ್ಚು. ಮನೆಗೆ ಬಂದ ಮೇಲೂ ಕೇಳಲಿಲ್ಲ. ಕಾಕಾ ಬರಲಿ, ಜೊತೆಗೇ ಕೇಳೋಣ ಎಂದು ಇಟ್ಟುಕೊಂಡೆ. ಇದನ್ನು ನಾನು ಭಕ್ತಿ ಎಂದು ತಿಳಿದಿದ್ದೆ.

ಅವರು ಬಂದದ್ದು ಆಪರೇಶನ್ ಗಾಯ ಮಾಗಿದ ಮೇಲೆ, ಒಂದು ಭಾನುವಾರ ಬೆಳಿಗ್ಗೆ. ಕೊರಳಿಗೆ ಬಿಳಿ ಬಟ್ಟೆ. ಜೊತೆಗೆ ಮಾಳಮ್ಮ ಕಾಕು, ಅವರ ಕೈಯಲ್ಲಿ ಕೆಂಪು ಬಾಳೆಹಣ್ಣಿನ ಚಿಪ್ಪು.

"ಬಾ ಮಾಳಮ್ಮ, ಜಾಗ ಇದ್ದಲ್ಲಿ ಕೂಡು," ಎಂದಳು ಅವ್ವ. "ಇವನ ಪೆಟ್ಟಿಗಿ ಕೂತು ಉಳಿದ ಜಾಗದಾಗ ನಾವು ಇರ್ಲಿಕ್ಕತ್ತೀವಿ."

ಹಿಂದಿನ ದಿನವೆಲ್ಲ ನಾನು ವಾಯರ್ ಜೋಡಿಸಿದ್ದೆ. ಸಿನಿಮಾಕ್ಕೆ ಒಂದೇ ವಾಯರ್ ಸಾಕು. ನನ್ನ ರೆಕಾರ್ಡಿಂಗ್ ಸೆಕೆಂಡಿಗೆ ತೊಂಬತ್ತಾರು ಸಾವಿರ ಸಲ ಅಳೆದದ್ದು. ಅಷ್ಟು ನಯದ ಆರು ಸಾಲು ಆ ಒಂದು ವಾಯರಿನಲ್ಲಿ ಹಿಡಿಸುವುದಿಲ್ಲ, ಎರಡೇ ಹೋಗುತ್ತವೆ. ಅದಕ್ಕೆ ಕಂಪ್ಯೂಟರಿನ ಹಿಂದಿನ ಹಸಿರು, ಕಪ್ಪು, ಕಿತ್ತಳೆ ಬಣ್ಣದ ಮೂರು ತೂತುಗಳಿಂದ ಮೂರು ವಾಯರ್ ಎಳೆದೆ. ಒಂದೊಂದೂ ಕೊನೆಯಲ್ಲಿ ಎರಡಾಗಿ ಸೀಳುತ್ತದೆ. ಆರು ತುದಿಗಳನ್ನು ಆಂಪ್ಲಿಫೈಯರಿನ ಬೆನ್ನಿಗೆ ಚುಚ್ಚಿದೆ. ಪರೀಕ್ಷೆಗೆಂದು ಒಂದು ಸಿನಿಮಾ ಹಾಡು ಹಾಕಿದೆ, ಚೆನ್ನಾಗಿ ಬಂತು. ಆ ಹಾಡು ಎಡ ಬಲ ಎರಡೇ ಪೆಟ್ಟಿಗೆಯ ಹಾಡು. ಉಳಿದ ನಾಲ್ಕನ್ನು ಅದು ಮುಟ್ಟುವುದೇ ಇಲ್ಲ. ಹುಡುಗರಿಗೆ ಫಿಸಿಕ್ಸ್ ಹೇಳುವ ನನಗೆ ಅದು ಹೊಳೆಯಲಿಲ್ಲ.

ಕಾಕಾ ನಡುವಿನ ಕುರ್ಚಿಯಲ್ಲಿ ಕೈಕಟ್ಟಿ ಕೂತರು. ಎದುರಿನ ನಡುವಿನ ಪೆಟ್ಟಿಗೆ ಅವರ ದನಿಯದು, ವೂಫರು ಡಗ್ಗದ್ದು. ನಾನು ಶುರು ಮಾಡಿದೆ.

ಏಕತಾರಿಯ ನಾದ ಎಲ್ಲೋ ದೂರದಲ್ಲಿ ಕೇಳಿತು. ಎದುರಿನ ಪೆಟ್ಟಿಗೆಯಿಂದ ಡಗ್ಗದ ಪೆಟ್ಟು ಬಂತು. ಆಮೇಲೆ ಏನೂ ಇಲ್ಲ. ಆಮೇಲೆ ನಾಲ್ಕು ಕಡೆಯಿಂದ ನಾಲ್ಕು ದನಿ ಒಮ್ಮೆಗೇ ಎದ್ದವು, ಯಾರೂ ಹೇಳದ ನುಡಿಯನ್ನು ತಿರುಗಿ ಹೇಳಿದವು. ಮತ್ತೆ ಖಾಲಿ. ಮತ್ತೆ ಉತ್ತರ. ಆ ಖಾಲಿಯಲ್ಲಿ ಕಿವಿಗೊಟ್ಟರೆ ಪಕ್ಕದವರ ಮೈಕಿಗೆ ಬಿದ್ದ ಕಾಕಾನ ದನಿಯ ನೆರಳಷ್ಟೇ ಇತ್ತು.

"ತಮ್ಮಾ," ಎಂದರು ಮಾಳಮ್ಮ ಕಾಕು, ವೂಫರಿನ ಕಡೆ ಕೈ ಮಾಡಿ, "ಆ ದೊಡ್ಡ ಡಬ್ಬಿಯೊಳಗ ಯಾರೋ ಗುನುಗಾಕತ್ತಾರ ನೋಡು."

"ಅದು ಕರೆಂಟಿನ ಸಪ್ಪಳ ಕಾಕು."

"ಕರೆಂಟು ತಾಳ ಹಿಡಿದು ಗುನುಗತದೇನು?"

ಎರಡೇ ಮನೆ ಏರಿದ ದೀಪ ಕಣ್ಣ ಮುಂದಿತ್ತು. ಕಾಕಾನ ಮೈಕಿಗೆ ಪಕ್ಕದ ಡಗ್ಗ ಬಿದ್ದಿದೆ, ಅವರ ದನಿ ಬಿದ್ದಿಲ್ಲ ಎಂದುಕೊಂಡೆ, ಲೆಕ್ಕ ಸರಿಹೋಯಿತು. ಕಾಕಾ ನನ್ನ ಮುಖ ನೋಡಿದರು. ಏನಾಯಿತು ಎಂದು ಕೈಯಲ್ಲೇ ಕೇಳಿದರು.

"ಅವತ್ತಿಗೇ ನಿಮ್ಮ ದನಿ ಭಾಳ ಸಣ್ಣ ಆಗಿತ್ತು ಕಾಕಾ," ಎಂದೆ. "ಮೈಕಿಗೆ ಸಿಕ್ಕಿಲ್ಲ. ಮಷೀನಿಂದು ತಪ್ಪಿಲ್ಲ."

ಕೊನೆಯ ಮಾತು ಯಾರೂ ಕೇಳಿರಲಿಲ್ಲ. ನಾನಾಗಿ ಸೇರಿಸಿದೆ. ಕಾಕಾ ಹೌದೆನ್ನುವಂತೆ ತಲೆಯಾಡಿಸಿ ಎದ್ದರು. ಅವ್ವ ಊಟಕ್ಕೆ ನಿಲ್ಲಿ ಎಂದರೂ ನಿಲ್ಲಲಿಲ್ಲ.

ಮೂರು ತಿಂಗಳ ಮೇಲೆ ಅವ್ವ ಮನೆ ಸಾರಿಸಲೆಂದು ಪೆಟ್ಟಿಗೆಗಳನ್ನು ಸರಿಸಿದಳು, ವಾಯರ್ ಎಲ್ಲ ಕಿತ್ತು ಬಂದವು. ಮತ್ತೆ ಜೋಡಿಸುವ ಮೊದಲು, ಈ ಸಲ, ಸೌಂಡ್ ಕಾರ್ಡಿನ ಜೊತೆ ಬಂದ ಪುಸ್ತಕ ತೆರೆದೆ. ಕಿತ್ತಳೆ ತೂತಿನ ವಾಯರಿನ ಎರಡು ತುದಿಗಳಲ್ಲಿ ಬಿಳಿಯದು ನಡುವಿನ ಪೆಟ್ಟಿಗೆಗೆ, ಕೆಂಪಿನದು ವೂಫರಿಗೆ ಎಂದಿತ್ತು. ನಾನು ಅವತ್ತು ಅದಲುಬದಲು ಚುಚ್ಚಿದ್ದೆ; ಕೆಂಪು ನಡುವೆ ಇರಬೇಕೆಂದು ಯಾಕೆ ಅನಿಸಿತ್ತೋ ಈಗ ನೆನಪಿಲ್ಲ. ಡಗ್ಗ ನಡುವಿನ ಪೆಟ್ಟಿಗೆಗೆ ಹೋಗಿತ್ತು. ಕಾಕಾ ವೂಫರಿಗೆ ಹೋಗಿದ್ದರು. ವೂಫರು ಗುಡುಗನ್ನು ಮಾತ್ರ ಬಿಡುತ್ತದೆ, ಮಾತನ್ನು ನುಂಗುತ್ತದೆ.

ಸರಿಯಾಗಿ ಚುಚ್ಚಿ ಹಾಕಿದೆ.

ಎದುರಿನಿಂದ ಕಾಕಾ ಹಾಡಿದರು. ಸವೆದ ದನಿ, ಆದರೆ ಪೂರ್ತಿ ಇತ್ತು. ಉಗುಳು ನುಂಗಿದ್ದು ಕೇಳಿತು, ನುಡಿ ಎತ್ತುವ ಮೊದಲಿನ ಉಸಿರು ಕೇಳಿತು. ನಾನು ಚಿಕ್ಕವನಿದ್ದಾಗ ಕಾಯುತ್ತಿದ್ದ ಅರ್ಧ ಉಸಿರಿನ ಜಾಗವೂ ಇತ್ತು, ಅದರಲ್ಲಿ ಏಕತಾರಿಯ ತಂತಿ ನಡುಗುತ್ತಿತ್ತು. ಹಾಡು ಮುಗಿದ ಮೇಲೂ ರೆಕಾರ್ಡಿಂಗ್ ಓಡುತ್ತಿತ್ತು.

"ಬಂತೇನು ತಮ್ಮಾ, ನನ್ನ ದನಿ?" ಎಂದು ಕಾಕಾ ಕೇಳಿದರು.

"ಬಂತು ಕಾಕಾ, ಬಂತು," ಎಂದು ಯಾರೋ ಅವಸರದಿಂದ ಹೇಳಿದ. ಆ ದನಿ ನನ್ನದು.

ಮರುದಿನವೇ ಕಮಲಾಪುರದ ಬಸ್ಸು ಹತ್ತಬೇಕಿತ್ತು. ಹದಿನೇಳು ದಿನ ಹತ್ತಲಿಲ್ಲ. ಸಿ.ಡಿ. ಮಾಡಿಕೊಂಡೆ, ಟಿ.ವಿ.ಯಲ್ಲಿ ಕೇಳುವಂತೆ ಆರು ಸಾಲನ್ನೂ ಎರಡಕ್ಕೆ ಇಳಿಸಿದೆ, ಇಳಿಸಿದ್ದನ್ನು ಮತ್ತೆ ತಿದ್ದಿದೆ. ಕೆಲಸವಿದೆ ಎಂದು ತೋರಿಸಿಕೊಳ್ಳಲು ಅಷ್ಟು ಸಾಕಾಗಿತ್ತು. ಹದಿನೆಂಟನೆಯ ದಿನ ಬಸ್ಸಿನಲ್ಲಿ ಕೂತು ಒಂದು ವಾಕ್ಯ ಕಟ್ಟಿದೆ: ಮಷೀನ್ ಕೆಟ್ಟಿತ್ತು, ರಿಪೇರಿ ಮಾಡಿಸಿದೆ, ದನಿ ಸಿಕ್ಕಿತು. ಮೂರು ತುಂಡು, ಒಂದರಲ್ಲೂ ನಾನಿರಲಿಲ್ಲ.

ಕಾಕಾ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದರು. ಪಕ್ಕದಲ್ಲಿ ಪಾಟಿ, ಬಳಪ. ಮಾತು ಹೋದ ಮೇಲೆ ಅದರಲ್ಲೇ ಬರೆದು ತೋರಿಸುತ್ತಾರೆ.

"ಇವತ್ತು ಸೋಮವಾರ. ಭಜನಿಗಿ ಹೋಗ್ತಾರೇನು?" ಎಂದು ಮಾಳಮ್ಮ ಕಾಕುವನ್ನು ಕೇಳಿದೆ.

"ಎಲ್ಲಿ ಭಜನಿ! ನಿಮ್ಮ ಮನಿಯಿಂದ ಬಂದ ದಿನಾನೇ ಸಾಯಬಣ್ಣನ ಮನಿಗಿ ಹೋಗಿ ಏಕತಾರಿ ಇಟ್ಟು ಬಂದಾರ. ಪಾಟಿ ಮ್ಯಾಲ ಏನ್ ಬರದಾರ ಗೊತ್ತೇನು? 'ನನ್ನ ದನಿ ಸತ್ತು ವರ್ಷ ಆಗಿತ್ತು, ನಿಮಗೆಲ್ಲಾ ಗೊತ್ತಿತ್ತು, ನನ್ನ ಕುಣಿಸಿದ್ರಿ' ಅಂತ. ಸಾಯಬಣ್ಣ ಅತ್ತುಬಿಟ್ಟಾನ. ನಲವತ್ತು ವರ್ಷದ ದೋಸ್ತಿ. ಈಗ ಎದುರಿಗಿ ಬಂದ್ರ ಇವರು ಓಣಿ ಬದಲಿಸ್ತಾರ."

ನಾನು ಒಳಗೆ ಹೋಗಿ ಟಿ.ವಿ.ಯ ಕೆಳಗಿನ ಪ್ಲೇಯರಿಗೆ ಸಿ.ಡಿ. ಹಾಕಿದೆ.

ಟಿ.ವಿ.ಯ ಸಣ್ಣ ಸ್ಪೀಕರಿನಿಂದ ಕಾಕಾನ ದನಿ ಬಂತು. ಹೊರಗೆ ಶೇಂಗಾ ಸುಲಿಯುವ ಸಪ್ಪಳ ನಿಂತಿತು. ಅವರು ಒಳಗೆ ಬಂದು ಗೋಡೆಗೆ ಕೈಕೊಟ್ಟು ನಿಂತರು. ಮಾಳಮ್ಮ ಕಾಕು ಸೆರಗು ಬಾಯಿಗೆ ಒತ್ತಿಕೊಂಡರು. ಹಾಡು ಮುಗಿದು, ಕೊನೆಯ ಪ್ರಶ್ನೆ ಮತ್ತು ಉತ್ತರ ಬಂದಾಗ ಕಾಕಾ ನನ್ನ ಕಡೆ ತಿರುಗಿದರು.

"ಮಷೀನ್ ಕೆಟ್ಟಿತ್ತು ಕಾಕಾ," ಎಂದೆ. "ರಿಪೇರಿ ಮಾಡಿಸ್ದೆ."

ಅವರ ಮುಖ ಅರಳಿತು. ಪಾಟಿ ತೆಗೆದುಕೊಂಡು ನಿಧಾನವಾಗಿ ಬರೆದರು. 'ಇರಲಿ. ಮಷೀನಿಗೆ ಏನು ತಿಳೀತದ.'

ಅಷ್ಟಕ್ಕೇ ಮುಗಿಸಿ ಮರಳಿ ಬರಬಹುದಿತ್ತು. ಅವರು ಕ್ಷಮಿಸಿದ್ದರು, ಆದರೆ ಕ್ಷಮಿಸಿದ್ದು ನನ್ನನ್ನಲ್ಲ.

"ಕೆಟ್ಟಿರಲಿಲ್ಲ," ಎಂದೆ. "ಎರಡು ವಾಯರ್ ನಾನು ಅದಲುಬದಲು ಹಾಕಿದ್ದೆ. ತಪಾಸ ಮಾಡಲಿಲ್ಲ. ಕಾಕು ಹೇಳಿದ್ರೂ ಕೇಳಲಿಲ್ಲ. ನಿಮ್ಮ ಗಂಟಲಿನ ಮ್ಯಾಲೆ ಹಾಕಿಬಿಟ್ಟೆ."

"ಎಷ್ಟನೇತ್ತ ತನಕ ಕಲತೀದಿ ನೀ?" ಎಂದರು ಮಾಳಮ್ಮ ಕಾಕು.

"ಬಿ.ಎಸ್ಸಿ."

"ಅಷ್ಟು ಕಲತು ಒಂದು ಕೆಂಪು, ಒಂದು ಬಿಳಿ ಗುರುತು ಹತ್ತಲಿಲ್ಲ. ನಾ ಸಾಲಿ ಮೆಟ್ಟಲಾ ಹತ್ತದಾಕಿ, ಗಂಡನ ದನಿ ಡಬ್ಬಿಯೊಳಗಿಂದ ಗುರುತು ಹಿಡದೆ. ಕರೆಂಟಂತ, ಕರೆಂಟು!"

ಕಾಕಾ ಪಾಟಿಯನ್ನು ಅಲ್ಲೇ ಬಿಟ್ಟು, ಗೂಟದ ಮೇಲಿನ ಟವಲು ಹೆಗಲಿಗೆ ಹಾಕಿದರು. ನನ್ನ ಮಣಿಕಟ್ಟು ಹಿಡಿದರು. ಹಿಡಿತ ಗಟ್ಟಿಯಿತ್ತು. ಓಣಿ ದಾಟಿಸಿ, ಗುಡಿಯ ಮುಂದಿನಿಂದ ಎಳೆದುಕೊಂಡು ಹೋಗಿ, ಸಾಯಬಣ್ಣರ ಬಾಗಿಲ ಮುಂದೆ ನಿಲ್ಲಿಸಿದರು. ಚಿಲಕ ಬಡಿದರು.

ಸಾಯಬಣ್ಣ ಬಾಗಿಲು ತೆರೆದು ಕಾಕಾನನ್ನು ಕಂಡು ಮುಖ ಬಿಗಿದರು. "ಏನು? ಮತ್ತೇನು ಬರಕೊಂಡು ಬಂದೀದಿ?"

ಕಾಕಾ ಖಾಲಿ ಕೈ ತೋರಿಸಿದರು. ನನ್ನನ್ನು ಮುಂದಕ್ಕೆ ನೂಕಿದರು.

"ಭಾಗಪ್ಪ ಕಾಕಾ ಹೇಳಾಕತ್ತಾರ," ಎಂದು ಶುರು ಮಾಡಿದೆ, "ತಪ್ಪು ತಿಳಕೊಂಡಿದ್ರಂತ, ಅದಕ್ಕ—"

ಬೆನ್ನಿನ ಮೇಲೆ ಒಂದು ಗುದ್ದು ಬಿತ್ತು. ತಿರುಗಿದೆ. ಕಾಕಾ ಇಲ್ಲವೆಂದು ತಲೆಯಾಡಿಸಿ, ಬೆರಳನ್ನು ನನ್ನ ಎದೆಗೆ ಒತ್ತಿ ಹಿಡಿದರು. ಸಾಯಬಣ್ಣ ಹೊಸ್ತಿಲಲ್ಲಿ ಕಾಯುತ್ತಿದ್ದರು.

"ನಾನು," ಎಂದೆ.