ದಾರಿ ನಡುವಿನ ರನ್‌ವೇ

ದನದ ಡಾಕ್ಟರ ಹತ್ತೊಂಬತ್ತು ವರ್ಷ ಒಂದೇ ವಿಮಾನ ಹಾರಿಸಿದ್ದ. ಎರಡು ಸೀಟಿನ, ಗಂಟೆಗೆ ನೂರೈವತ್ತು ಕಿಲೋಮೀಟರು ಹೋಗುವ, ಚಕ್ರ ಸದಾ ಹೊರಗೇ ಇರುವ ವಿಮಾನ. ಹಾರಾಟದ ಶಾಲೆಗಳಲ್ಲಿ ಹೊಸಬರಿಗೆ ಅಆಇಈ ಹೇಳಿಕೊಡುವುದು ಅಂಥದರಲ್ಲೇ. ಅವನೂ ಅದರಲ್ಲೇ ಕಲಿತ, ಕಲಿತು ಅದರಲ್ಲೇ ಉಳಿದುಬಿಟ್ಟ. ಪಕ್ಕದ ಸೀಟಿನಲ್ಲಿ ಮನುಷ್ಯರು ಕೂರುತ್ತಿರಲಿಲ್ಲ, ಲಸಿಕೆಯ ಐಸ್ ಪೆಟ್ಟಿಗೆ ಕೂರುತ್ತಿತ್ತು. ಅದಕ್ಕೂ ಬೆಲ್ಟ್ ಬಿಗಿಯುತ್ತಿದ್ದ.

ಪ್ರತಿ ಮಂಗಳವಾರ ಬಯಲಿನ ಆ ತುದಿಯ ದನದ ಫಾರಂಗೆ ಹೋಗಬೇಕು. ಮುನ್ನೂರ ಮೂವತ್ತು ಕಿಲೋಮೀಟರು. ಹೋಗಿ ಬರುವಷ್ಟು ಪೆಟ್ರೋಲು ಆ ಪುಟ್ಟ ಟ್ಯಾಂಕಿನಲ್ಲಿ ಹಿಡಿಸದು. ಹಾಗಾಗಿ ಸರೀ ಅರ್ಧ ದಾರಿಯಲ್ಲಿ, ಎರಡು ಬೋಳು ಗುಡ್ಡದ ನಡುವೆ, ಪಶು ಇಲಾಖೆಯವರು ಹುಲ್ಲಿನ ರನ್‌ವೇ ಒಂದನ್ನು ಮಾಡಿ ನಾಲ್ಕು ಡ್ರಮ್ಮು ಇಟ್ಟಿದ್ದರು. ಡ್ರಮ್ಮು ಕಾಯುವ ಕೆಲಸ ಮೊದಲು ಒಬ್ಬಾತನದಾಗಿತ್ತು. ಅವನು ತೀರಿಕೊಂಡ ಮೇಲೆ ಹೆಂಡತಿ ಅದನ್ನು ಕೈಗೆತ್ತಿಕೊಂಡಳು. ಡಾಕ್ಟರ ಅವಳನ್ನು ಅಕ್ಕ ಅನ್ನುತ್ತಿದ್ದ, ಅವಳು ತಮ್ಮಾ ಅನ್ನುತ್ತಿದ್ದಳು. ತಗಡಿನ ಸೂರಿನ ಒಂದು ಕೋಣೆ, ಗೋಡೆಯ ಮೊಳೆಗೆ ನೇತುಹಾಕಿದ, ವಿಮಾನದವರ ಜತೆ ಮಾತಾಡುವ ಕೈ ರೇಡಿಯೋ, ಹೊರಗೆ ಡ್ರಮ್ಮಿನಿಂದ ಪೆಟ್ರೋಲು ಎತ್ತುವ ಕೈಪಂಪು. ಅವನು ಪಂಪು ಒತ್ತುವಷ್ಟರಲ್ಲಿ ಅವಳು ಟೀ ಕಾಸುತ್ತಿದ್ದಳು. ನಲವತ್ತು ನಿಮಿಷ. ಡಾಕ್ಟರ ಊರಲ್ಲಿ ಇಲಾಖೆಯ ಲ್ಯಾಬಿನ ಮಹಡಿಯ ಮೇಲಿನ ಕೋಣೆಯಲ್ಲಿ ಒಬ್ಬನೇ ಇದ್ದವನು. ಉಳಿದ ಆರೂ ದಿನ ಆಡಿದ ಮಾತನ್ನೆಲ್ಲ ಒಟ್ಟು ಹಾಕಿದರೂ ಆ ನಲವತ್ತು ನಿಮಿಷದ್ದಕ್ಕೆ ಸಮ ಬರುತ್ತಿರಲಿಲ್ಲ.

ಅವನಿಗೆ ಐವತ್ತೊಂದು ತುಂಬಿದ ವರ್ಷ ಇಲಾಖೆ ಹಳೆಯದನ್ನು ಹಾರಾಟದ ಶಾಲೆಯೊಂದಕ್ಕೆ ಕೊಡುವುದೆಂದು ತೀರ್ಮಾನಿಸಿ ಬೇರೆ ವಿಮಾನ ತರಿಸಿತು. ಮುನ್ನೂರು ಅಶ್ವಶಕ್ತಿಯ ಎಂಜಿನ್. ಗಂಟೆಗೆ ಇನ್ನೂರ ತೊಂಬತ್ತು ಕಿಲೋಮೀಟರು. ಏರಿದ ಮೇಲೆ ಚಕ್ರವನ್ನು ಹೊಟ್ಟೆಯೊಳಗೆ ಮಡಚಿಕೊಳ್ಳುತ್ತದೆ. ನಡುವೆ ಎಲ್ಲೂ ನಿಲ್ಲದೆ ಹೋಗಿ ಬರಬಹುದು. ಕಲಿಸಲು ಪಟ್ಟಣದಿಂದ ಒಬ್ಬಳು ಬಂದಳು, ಮೂವತ್ತು ದಾಟಿರಲಿಲ್ಲ. ಅವಳ ಸಹಿ ಬಿದ್ದರೆ ವಿಮಾನ ಅವನದು. ಬೀಳದಿದ್ದರೆ ಅವನು ಲ್ಯಾಬಿನ ಕುರ್ಚಿಗೆ, ಮಂಗಳವಾರಗಳು ಬೇರೆ ಯಾರಿಗೋ. ಸಾಹೇಬರು ಇದನ್ನು ಬಾಯಿಬಿಟ್ಟೇ ಹೇಳಿದ್ದರು.

"ಇದು ನಿಮಗೋಸ್ಕರ ಕಾಯಲ್ಲ ಡಾಕ್ಟ್ರೇ," ಅಂದಳು ಅವಳು ಮೊದಲ ದಿನವೇ. "ಹಳೇದು ಎತ್ತಿನ ಥರ. ನೀವು ಯೋಚನೆ ಮಾಡೋ ತನಕ ನಿಂತ್ಕೊಳ್ತಿತ್ತು."

"ಎತ್ತಿನ ವಿಷಯ ನನಗೆ ಹೇಳ್ತೀರಾ ಟೀಚರಮ್ಮ?"

"ಹೇಳ್ತೀನಿ. ನೀವು ಅದರ ಬಾಲ ನೋಡಿದೋರು, ನಾನು ನಿಮ್ಮ ಹಾರಾಟ ನೋಡ್ತಿರೋಳು."

ಅವಳು ಹೇಳಿದ್ದು ಸರಿಯೇ ಆಗಿತ್ತು. ಹಳೆಯದರಲ್ಲಿ ಒಂದು ಗುಂಡಿ ಎಳೆದರೆ ಶಕ್ತಿ ಕಡಿಮೆ, ಒತ್ತಿದರೆ ಹೆಚ್ಚು, ಮುಗಿಯಿತು. ಇಲ್ಲಿ ಮೂರು ಹಿಡಿಕೆ. ಕರಿಯದು ಎಂಜಿನ್ನಿನ ಶಕ್ತಿಗೆ, ನೀಲಿಯದು ಮೂತಿಯ ಪ್ರೊಪೆಲ್ಲರ್ ತಿರುಗುವ ವೇಗಕ್ಕೆ, ಕೆಂಪು ಪೆಟ್ರೋಲಿನ ಮಿಶ್ರಣಕ್ಕೆ. ಶಕ್ತಿ ಇಳಿಸುವಾಗ ಕರಿಯದು ಮೊದಲು, ನೀಲಿ ಆಮೇಲೆ. ಏರಿಸುವಾಗ ನೀಲಿ ಮೊದಲು. ಅದಕ್ಕಿಂತ ಕಷ್ಟದ್ದು ಇಳಿಯುವ ಲೆಕ್ಕ. ಹಳೆಯದರಲ್ಲಿ ಊರು ಕಂಡ ಮೇಲೆ ಇಳಿಯಲು ಯೋಚಿಸಿದರೆ ಸಾಕಿತ್ತು. ಇದರಲ್ಲಿ ಅರವತ್ತು ಕಿಲೋಮೀಟರು ಮುಂಚೆ, ಮುಂದೆ ಬರೀ ಮಂಜು ಕಾಣುವಾಗಲೇ, ಮೂತಿ ತಗ್ಗಿಸಲು ತೊಡಗಬೇಕು. ಮನೆಗೆ ಹೋಗಿ ಅಡುಗೆ ಒಲೆಯ ಮುಂದೆ ಕೂತು, ಮೂರು ಚಮಚಗಳನ್ನು ಸಾಲಾಗಿಟ್ಟು ಕೈಗೆ ಅಭ್ಯಾಸ ಮಾಡಿಸುತ್ತಿದ್ದ. ನೋಡಿ ನಗುವವರು ಯಾರೂ ಇರಲಿಲ್ಲ. ಅದೊಂದು ಅನುಕೂಲ.

ಆರು ವಾರದಲ್ಲಿ ಕೈ ಕುದುರಿತು. ಒಂದು ಶನಿವಾರ ಟೀಚರಮ್ಮ, "ಇವತ್ತು ನಾನು ಬಾಯಿ ಬಿಡಲ್ಲ. ನೀವು ಫಾರಂವರೆಗೆ ಹೋಗಿ ಬನ್ನಿ, ನಾನು ಸುಮ್ಮನೆ ಕೂತಿರ್ತೀನಿ, ಐಸ್ ಪೆಟ್ಟಿಗೆ ಅಂದ್ಕೊಳ್ಳಿ," ಅಂದಳು.

ಏರಿದ್ದು ಚೆನ್ನಾಗಿತ್ತು. ಚಕ್ರ ಮಡಚಿಕೊಂಡಿತು, ಕರಿ, ನೀಲಿ, ಕೆಂಪು ಎಲ್ಲ ತಮ್ಮ ತಮ್ಮ ಜಾಗಕ್ಕೆ ಬಂದವು. ಮೂವತ್ತು ನಿಮಿಷವಾಗುವಷ್ಟರಲ್ಲಿ ಮುಂದೆ ಎರಡು ಬೋಳು ಗುಡ್ಡ ಎದ್ದವು. ನಡುವೆ ಚಿಟಿಕೆಯಷ್ಟು ತಗಡು ಮಿರುಗಿತು. ಡಾಕ್ಟರ ಏನನ್ನೂ ಯೋಚಿಸಲಿಲ್ಲ. ಮೂತಿ ತಾನಾಗಿ ಕೆಳಗಾಯಿತು, ಕೈ ಕರಿ ಹಿಡಿಕೆಯನ್ನು ಪೂರ್ತಿ ಹಿಂದಕ್ಕೆ ಎಳೆಯಿತು. ತಾಯಿ ಕಳಕೊಂಡ ಕರುವಿನ ಹಾಗೆ ಒಂದು ಸದ್ದು ಕಿವಿಯ ಹತ್ತಿರವೇ ಅರಚತೊಡಗಿತು. ಚಕ್ರ ಬಿಡದೆ ಶಕ್ತಿ ಪೂರ್ತಿ ಇಳಿಸಿದರೆ ಆ ವಿಮಾನ ಹಾಗೆ ಕೂಗಿ ಎಚ್ಚರಿಸುತ್ತದೆ.

"ಎಲ್ಲಿಗೆ ಹೊರಟ್ರಿ?" ಅಂದಳು ಟೀಚರಮ್ಮ.

"ಟೀಗೆ," ಅಂದುಬಿಟ್ಟ.

ಅವಳು ನಗಲಿಲ್ಲ. ಕೆಳಗೆ ಬಗ್ಗಿ ನೋಡಿದಳು. "ಅದು ನಾನೂರು ಮೀಟರು. ಇದಕ್ಕೆ ಎಂಟುನೂರು ಬೇಕು. ಇಳಿದ್ರೆ ಆ ತುದಿಯ ಬೇಲಿಲೇ ನಿಲ್ಲೋದು. ಕೈ ನಿಮ್ಮ ಮಾತು ಕೇಳ್ತಿಲ್ಲ ಡಾಕ್ಟ್ರೇ." ಹಿಂದಿರುಗಿದ ಮೇಲೆ, ಸಹಿ ಹಾಕಬೇಕಿದ್ದ ಹಾರಾಟದ ಪುಸ್ತಕವನ್ನು ತೆರೆಯದೆಯೇ ಅವನ ಕೈಗೆ ಕೊಟ್ಟಳು. "ಮುಂದಿನ ಶನಿವಾರ ಇನ್ನೊಂದು ಸಲ. ಅದೇ ಕೊನೆ. ನನಗೂ ಮೇಲಿನವರಿಗೆ ಉತ್ತರ ಕೊಡೋದಿರುತ್ತೆ."

ನಡುವಿನ ಮಂಗಳವಾರ ಹಳೆಯ ವಿಮಾನದ ಕೊನೆಯ ಸರದಿ. ಅಕ್ಕನ ಬಾಗಿಲ ಮುಂದೆ ಪಂಪು ಒತ್ತುತ್ತ ಅವನು ನಡೆದದ್ದನ್ನೆಲ್ಲ ಹೇಳಿದ. ನಗುವಳೆಂದುಕೊಂಡಿದ್ದ. ಅವಳು ಟೀ ಸೋಸುವುದನ್ನು ನಿಲ್ಲಿಸಿ ಅವನನ್ನೇ ನೋಡಿದಳು.

"ಅಂದ್ರೆ ನನ್ನಿಂದ ಕೆಟ್ಟೆ."

"ನಿಮ್ಮಿಂದ ಅಲ್ಲಕ್ಕ. ಕೈಯಿಂದ."

"ಕೈಗೆ ಯಾರು ರೂಢಿ ಮಾಡಿಸಿದ್ದು? ನಾನೇ ತಾನೇ, ಟೀ ಕುಡಿಸಿ ಕುಡಿಸಿ." ಲೋಟ ಮುಂದಿಟ್ಟಳು. "ಕುರ್ಚಿಯಲ್ಲಿ ಕೂತು ಏನ್ ಮಾಡ್ತೀಯ ನೀನು? ಸೆಗಣಿ ವಾಸನೆ ಇಲ್ದಿದ್ರೆ ನಿಂಗೆ ಊಟ ಸೇರಲ್ಲ."

"ಪಾಸಾದ್ರೆ ಇಲ್ಲಿಗೆ ಬರೋ ಹಾಗಿಲ್ಲ."

"ಗೊತ್ತು."

"ರಸ್ತೆನೂ ಇಲ್ಲ."

"ಗೊತ್ತೋ ಮಾರಾಯ. ರಸ್ತೆ ಇಲ್ಲ ಅಂತ ನಂಗೆ ನೀನು ಹೇಳ್ಬೇಕಾ? ಮೂರು ತಿಂಗಳಿಗೊಮ್ಮೆ ಟ್ರ್ಯಾಕ್ಟರಲ್ಲಿ ಸೊಂಟ ಮುರ್ಕೊಂಡು ಸಾಮಾನು ತರೋಳು ನಾನು." ಅವನ ಲೋಟಕ್ಕೆ ಇನ್ನಷ್ಟು ಟೀ ಬಗ್ಗಿಸಿದಳು. ಆಮೇಲೆ ಅವಳು ಎಂದಿನಂತೆ ಕೋಳಿಗಳ ಮೇಲಿನ ದೂರುಗಳನ್ನು ಒಂದೊಂದಾಗಿ ಬಿಚ್ಚಿದಳು. ಅವನು ಎಂದಿನಂತೆ ಔಷಧ ಹೇಳಿದ. ಹೊರಡುವಾಗ ಇಬ್ಬರೂ ಬರ್ತೀನಿ, ಬಾ ಅನ್ನಲಿಲ್ಲ. ಅವನು ಮೇಲೇರುವಾಗ ಅವಳು ಗಾಳಿಯ ದಿಕ್ಕು ತೋರಿಸುವ ಗಾಳಿಚೀಲದ ಕಂಬ ಹಿಡಿದು ನಿಂತಿದ್ದಳು. ಹಳೆಯ ವಿಮಾನ ನಿಧಾನದ್ದಲ್ಲವೇ, ತುಂಬ ಹೊತ್ತು ಕಾಣುತ್ತಲೇ ಇದ್ದಳು.

ಶನಿವಾರ ಆಕಾಶ ತಿಳಿಯಾಗಿತ್ತು. ಗುಡ್ಡಗಳು ಕಾಣುವ ಮುಂಚೆಯೇ ಡಾಕ್ಟರ ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡ. ಟೀಚರಮ್ಮ ಅದನ್ನು ನೋಡಿ, "ಹಾಗಲ್ಲ. ಕೈ ಹಿಡಿಕೆ ಮೇಲಿರಬೇಕು, ಇದ್ದೂ ಸುಮ್ಮನಿರಬೇಕು," ಅಂದಳು. ಕೈ ತೆಗೆದು ಕರಿ ಹಿಡಿಕೆಯ ಮೇಲಿಟ್ಟ. ತಗಡು ಮಿರುಗಿತು. ಮೊಣಕೈ ಸಡಿಲವಾಗುವುದು ಅವನಿಗೇ ತಿಳಿಯುತ್ತಿತ್ತು, ಮಗ್ಗಲು ಬದಲಿಸುವ ದನದ ಹಾಗೆ.

ಆಗ ರೇಡಿಯೋ ಕರಕರ ಅಂದಿತು. ಅಕ್ಕನ ದನಿಯೇ. ಆದರೆ ಅವಳು ಹೊರಗಿನವರ ಹತ್ತಿರ, ಇಲಾಖೆಯ ತಪಾಸಣೆಯವರ ಹತ್ತಿರ ಮಾತಾಡುವ ಬಿಗಿ ದನಿ.

"ಮೇಲೆ ಹೋಗ್ತಿರೋ ವಿಮಾನದವರೇ, ಇಲ್ಲಿ ರನ್‌ವೇ ಮುಚ್ಚಿದೆ. ಇಳಿಯಬೇಡಿ. ಹೋಗ್ತಾ ಇರಿ."

ಟೀಚರಮ್ಮ ಹುಬ್ಬೇರಿಸಿದಳು. "ಮುಚ್ಚಿದೆಯಂತೆ? ನೋಟೀಸು ಬಂದಿಲ್ಲವಲ್ಲ."

ಡಾಕ್ಟರ ಕೆಳಗೆ ನೋಡಿದ. ರನ್‌ವೇ ಮುಚ್ಚಿದರೆ ನಡುಮಧ್ಯೆ ಬಿಳಿ ಬಟ್ಟೆಯ ದೊಡ್ಡ ಕತ್ತರಿ ಗುರುತು ಹಾಸಬೇಕು. ಹಾಸಿರಲಿಲ್ಲ. ಹುಲ್ಲನ್ನು ಹೊಸದಾಗಿ ಸವರಿದ್ದರು. ಗಾಳಿಚೀಲ ಕಂಬದ ಮೇಲೇ ಇತ್ತು. ತಗಡಿನ ಕೋಣೆಯ ಹೊಗೆಕೊಳವೆಯಿಂದ ಹೊಗೆ ಏಳುತ್ತಿತ್ತು.

"ಸರಿ," ಅಂತ ರೇಡಿಯೋದಲ್ಲಿ ಹೇಳಿದ. ಗುಂಡಿ ಒತ್ತಲು ಮರೆತಿದ್ದ, ಮತ್ತೊಂದು ಸಲ ಹೇಳಬೇಕಾಯಿತು. "ಸರಿ. ಹೋಗ್ತಾ ಇದೀವಿ."

ಕೈ ಹಿಡಿಕೆಯ ಮೇಲೇ ಇತ್ತು, ಇದ್ದೂ ಸುಮ್ಮನಿತ್ತು. ಗುಡ್ಡಗಳು ರೆಕ್ಕೆಯಡಿಗೆ ಸರಿದವು. ಅಲ್ಲಿಂದಾಚೆ ಎಲ್ಲವೂ ಲೆಕ್ಕದಂತೆ ನಡೆಯಿತು. ಅರವತ್ತು ಕಿಲೋಮೀಟರು ಇರುವಾಗ ಮೂತಿ ತಗ್ಗಿಸಿದ, ಚಕ್ರ ಬಿಟ್ಟ, ಚಕ್ರ ಪೂರ್ತಿ ಹೊರಬಂದಿತೆಂದು ತೋರುವ ಮೂರು ಹಸಿರು ದೀಪ ಎಣಿಸಿದ, ಇಳಿಸಿದ. ವಾಪಸು ಬಂದ ಮೇಲೆ ಟೀಚರಮ್ಮ ರೆಕ್ಕೆಯ ಮೇಲೇ ಪುಸ್ತಕವಿಟ್ಟು ಸಹಿ ಹಾಕಿದಳು. "ಇನ್ನು ನನ್ನ ಕಾಟ ಇಲ್ಲ, ಒಬ್ಬರೇ ಹಾರಿ," ಅಂತ ಕೈ ಕುಲುಕಿದಳು. ಸಂಜೆಯ ಬಸ್ಸಿಗೆ ಹೋಗಿಬಿಟ್ಟಳು. ಡಾಕ್ಟರ ಶೆಡ್ಡಿನ ಬಾಗಿಲೆಳೆದು, ಬಾಗಿಲಿಗೇ ಒರಗಿ ಸ್ವಲ್ಪ ಹೊತ್ತು ನಿಂತಿದ್ದ. ಯಾರಿಗಾದರೂ ಹೇಳಬೇಕಿತ್ತು. ಹೇಳಬೇಕಾದವಳಿಗೆ ಆಗಲೇ ಗೊತ್ತಿತ್ತು.

ಮಂಗಳವಾರ ಒಬ್ಬನೇ ಹೊರಟ. ಅಕ್ಕನ ರೇಡಿಯೋ ಸಣ್ಣದು, ಗುಡ್ಡಗಳ ಆಚೀಚೆ ಇಪ್ಪತ್ತೈದು ಕಿಲೋಮೀಟರು ಮಾತ್ರ ಕೇಳಿಸುತ್ತದೆ. ಈ ವೇಗದಲ್ಲಿ ಅದು ಒಟ್ಟು ಹತ್ತು ನಿಮಿಷ. ಅವಳು ಕೋಣೆಯಲ್ಲೇ ಇದ್ದಳು.

"ತಮ್ಮಾ, ಎಲ್ಲಿದ್ದೀ?"

"ನಿಮ್ಮ ತಲೆ ಮೇಲೆ."

"ತಡಿ, ಹೊರಗೆ ಬಂದೆ... ಎಲ್ಲೋ? ಕಾಣ್ತಾನೇ ಇಲ್ಲ."

"ದಾಟಿಬಿಟ್ಟೆ ಅಕ್ಕ. ಬೆನ್ನು ಕಾಣಬಹುದು, ನೋಡಿ."

"ನೊಣದಷ್ಟಿದ್ದೀಯ. ಇದೆಂಥ ಅವಸರವೋ! ಕೇಳು, ಕುಂಟುಕೋಳಿ ಇದೆಯಲ್ಲ, ಅದು ಮೊನ್ನೆ ಡ್ರಮ್ಮಿನ ಹಿಂದೆ ಹೋಗಿ..."

ಅಷ್ಟರಲ್ಲಿ ಕರಕರ ಹೆಚ್ಚಿತು. ಕೋಳಿ ಏನು ಮಾಡಿತೆಂದು ತಿಳಿಯಲಿಲ್ಲ.

ಫಾರಂ ತಲುಪಿದಾಗ ಗೇಟಿಗೆ ಬೀಗ ಬಿದ್ದಿತ್ತು. ಅರ್ಧ ಗಂಟೆಯ ಮೇಲೆ ಕೆಲಸದಾಳು ಮೋಟಾರ್‌ಸೈಕಲ್ಲಿನಲ್ಲಿ ಬಂದ. "ಹತ್ತೂವರೆಗೆ ತಾನೇ ನೀವು ಬರೋದು?"

"ಹೌದು."

"ಈಗಿನ್ನೂ ಒಂಬತ್ತೂಕಾಲು. ದನ ಹೊರಗಿವೆ."

"ಕಾಯ್ತೀನಿ," ಅಂದ ಡಾಕ್ಟರ. ಉಳಿಸಿದ ಹೊತ್ತನ್ನು ಇಟ್ಟುಕೊಂಡು ರೆಕ್ಕೆಯ ನೆರಳಿನಲ್ಲಿ ಕೂತ. ಆಳು ತಾನೂ ಕೂರಬಹುದಿತ್ತು, ಗೇಟು ತೆಗೆದು ಹೊರಟುಹೋದ.

ಅರವತ್ತು ಕರುಗಳಿಗೆ ಲಸಿಕೆ ಹಾಕಿ ಮುಗಿದಾಗ ಹನ್ನೆರಡೂ ಮುಕ್ಕಾಲು. ಹಿಂದಿರುಗುವಾಗ, ಗುಡ್ಡಗಳು ಮೂವತ್ತು ಕಿಲೋಮೀಟರು ಇರುವಾಗಲೇ, ಅವನು ಕರಿ ಹಿಡಿಕೆಯನ್ನು ಒಂದಿಷ್ಟು ಹಿಂದೆಳೆದ. ಸದ್ದು ಅರಚದಷ್ಟೇ. ಆಮೇಲೆ ನೀಲಿ. ಕಲಿಸಿದ ಕ್ರಮದಲ್ಲೇ, ಒಂದು ಚೂರೂ ತಪ್ಪದೆ. ವೇಗದ ಮುಳ್ಳು ಇನ್ನೂರಕ್ಕೆ ಇಳಿದು ನಿಂತಿತು. ಹೀಗಾದರೆ ಹತ್ತು ನಿಮಿಷ ಹದಿನೈದಾಗುತ್ತದೆ.

"ಅಕ್ಕ," ಅಂತ ಕರೆದ. "ಅಕ್ಕ, ನಾನು."

ಕರಕರ. ಮತ್ತೆ ಕರೆದ. ಕೋಣೆಯ ಬಾಗಿಲು ಮುಚ್ಚಿರುವುದು ಮೇಲಿಂದ ಕಂಡಿತು. ಗಂಟೆ ಒಂದೂವರೆಯೂ ಆಗಿರಲಿಲ್ಲ. ಮಂಗಳವಾರದ ವಿಮಾನ ವಾಪಸು ಬರುವುದು ಮೂರೂವರೆಗೆ. ಹತ್ತೊಂಬತ್ತು ವರ್ಷದಿಂದ ಹಾಗೆಯೇ. ಅಲ್ಲಿಯವರೆಗೆ ಅವಳು ಹಳ್ಳಕ್ಕೆ ನೀರಿಗೆ ಹೋಗಿರುತ್ತಾಳೆ, ಮೂರಕ್ಕೆ ಬಂದು ರೇಡಿಯೋ ಹಾಕುತ್ತಾಳೆ. ಇದನ್ನು ಯೋಚಿಸಬೇಕಿತ್ತು, ಬೆಳಿಗ್ಗೆಯೇ ಹೇಳಬೇಕಿತ್ತು.

ಆದರೂ ಅವನು ಹದಿನೈದು ನಿಮಿಷವನ್ನೂ ಅದೇ ವೇಗದಲ್ಲಿ ಕಳೆದ. ಕರುಗಳೆಲ್ಲ ಚೆನ್ನಾಗಿವೆ, ಒಂದಕ್ಕೆ ಮಾತ್ರ ಕಣ್ಣು ಸೋರುತ್ತಿದೆ ಎಂದು ಹೇಳಿದ. ಕೋಳಿಯ ಕಥೆ ಅರ್ಧಕ್ಕೇ ನಿಂತಿತೆಂದು ಹೇಳಿದ. ಗುಂಡಿ ಬಿಟ್ಟು, ಉತ್ತರಕ್ಕೆ ಎಡೆಮಾಡಿ, ಮತ್ತೆ ಒತ್ತಿ ಹೇಳಿದ. ಕರಕರವೂ ನಿಂತ ಮೇಲೆ ನೀಲಿ ಹಿಡಿಕೆ ಮುಂದೆ ತಳ್ಳಿದ, ಆಮೇಲೆ ಕರಿಯದು. ಎಂಜಿನ್ ತುಂಬು ದನಿಯಲ್ಲಿ ಮೊರೆಯಿತು. ಮುಂದಿನ ಬಯಲು ಬೇಗ ಬೇಗ ಕೆಳಗೆ ಬಂದು, ಅಷ್ಟೇ ಬೇಗ ಹಿಂದಾಗತೊಡಗಿತು.